ತರಗೆಲೆ ಮತ್ತು ಡಾಕ್ಟರ ದುರ್ಬೀನು

ಒಳ್ಳೆಯ ದುರ್ಬೀನು ಯಾವುದು ಎಂದು ಈಗಲೂ ಯಾರಾದರೂ ನನ್ನನ್ನು ಕೇಳುವುದುಂಟು. ಎಷ್ಟು ಖರ್ಚು ಮಾಡುತ್ತೀರಿ ಎಂದು ನಾನು ಅವರನ್ನು ಕೇಳುವುದಿಲ್ಲ, ಯಾವ ದೇಶದ್ದು ಬೇಕು ಎಂದೂ ಕೇಳುವುದಿಲ್ಲ. ನೀವು ಚಷ್ಮಾ ಹಾಕುತ್ತೀರಾ ಎಂದಷ್ಟೇ ಕೇಳುತ್ತೇನೆ. ಕೆಲವರಿಗೆ ಇದು ತಲೆಹರಟೆ ಪ್ರಶ್ನೆ ಅನ್ನಿಸುತ್ತದೆ. ಆದರೆ ಅದರ ಹಿಂದೆ ನನ್ನ ಎಂಟು ವರ್ಷದ ಹಗೆ ಇದೆ. ಹಾವಿನ ಹಗೆ ಹನ್ನೆರಡು ವರ್ಷ ಅನ್ನುತ್ತಾರಲ್ಲ, ನನ್ನದು ಅದಕ್ಕಿಂತ ನಾಲ್ಕು ವರ್ಷ ಕಡಿಮೆ ಅಷ್ಟೆ. ಮಿಡಿ ಉಪ್ಪಿನಕಾಯಿಯ ಭರಣಿಯನ್ನು ಬೂಸ್ಟು ಹಿಡಿಯದ ಹಾಗೆ ನೋಡಿಕೊಳ್ಳುವಂತೆ ಅದನ್ನು ನಾನು ಜೋಪಾನ ಮಾಡಿದ್ದೆ.

ತೊಂಬತ್ತರ ದಶಕದಲ್ಲಿ ನಾನು ಸಿದ್ದಾಪುರ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮನೆ ಶಿರಸಿಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ನಮ್ಮ ಕಡೆ ಪಾಠ ಹೇಳುವ ಗಂಡಸರು ಮಾಸ್ತರು, ಹೆಂಗಸರು ಅಕ್ಕೋರು. ಬಸ್ಸಿನ ಕಂಡಕ್ಟರಿಂದ ಹಿಡಿದು ತರಕಾರಿ ಮಾರುವವಳವರೆಗೆ ಎಲ್ಲರಿಗೂ ನಾನು ಅಕ್ಕೋರೇ.

ಶಿರಸಿಯಲ್ಲಿ ಆಗ ಹಕ್ಕಿ ನೋಡುವ ಹುಚ್ಚಿನವರು ಎಂಟೊಂಬತ್ತು ಮಂದಿ ಇದ್ದೆವು. ತಿಂಗಳ ಎರಡನೇ ಭಾನುವಾರ ಎಲ್ಲಾದರೂ ಕಾಡಿಗೆ ಹೋಗುವುದು, ಅವಲಕ್ಕಿ ತಿನ್ನುವುದು, ನೋಡಿದ ಹಕ್ಕಿಗಳನ್ನು ಒಂದು ಉದ್ದನೆಯ ಪುಸ್ತಕದಲ್ಲಿ ಬರೆಯುವುದು. ಬರೆಯುವ ಕೆಲಸ ಬ್ಯಾಂಕಿನ ಒಬ್ಬ ಗುಮಾಸ್ತರದು, ಅವರ ಅಕ್ಷರ ಮುತ್ತಿನಂತೆ ಇತ್ತು. ಆ ಪುಸ್ತಕದಲ್ಲಿ ಏನು ಬರೆಯಬೇಕು, ಏನು ಬರೆಯಬಾರದು ಎಂದು ಹೇಳುವ ಕೆಲಸ ಡಾಕ್ಟರದು.

ಡಾಕ್ಟರು ನನಗಿಂತ ಹದಿನೈದು ವರ್ಷ ದೊಡ್ಡವರು. ಶಿರಸಿ ಪೇಟೆಯಲ್ಲಿ ಅವರ ದವಾಖಾನೆ. ಕೈಗುಣ ಬಹಳ ಒಳ್ಳೆಯದು, ನಾಲಿಗೆಯ ಗುಣ ಅಷ್ಟಕ್ಕಷ್ಟೆ. ದಪ್ಪ ಗಾಜಿನ ಚಷ್ಮಾ, ಸ್ನಾನಕ್ಕೆ ಮತ್ತು ನಿದ್ದೆಗೆ ಬಿಟ್ಟರೆ ತೆಗೆದವರಲ್ಲ. ನಾವೆಲ್ಲ ಹೋಗುತ್ತಿದ್ದದ್ದು ಅವರ ಜೀಪಿನಲ್ಲಿ. ಮತ್ತು ನಮ್ಮಲ್ಲಿ ನಿಜವಾದ ದುರ್ಬೀನು ಇದ್ದದ್ದು ಅವರೊಬ್ಬರ ಹತ್ತಿರ. ಅವರ ಭಾವ ಜರ್ಮನಿಗೆ ಹೋದವರು ತಂದುಕೊಟ್ಟದ್ದು. ತೆಳ್ಳಗೆ, ನೇರವಾಗಿ, ಎರಡು ಕೊಳಲು ಜೋಡಿಸಿಟ್ಟ ಹಾಗಿತ್ತು. ತೊಗಲಿನ ಪೆಟ್ಟಿಗೆ, ತೊಗಲಿನ ಪಟ್ಟಿ. ಅದನ್ನು ಪೆಟ್ಟಿಗೆಯಿಂದ ತೆಗೆಯುವಾಗ ನಾವು ಯಾರೂ ಮಾತಾಡುತ್ತಿರಲಿಲ್ಲ.

ಇಲ್ಲಿ ನಮ್ಮ ಕಡೆಯವರ ಒಂದು ಚಟ ಹೇಳಬೇಕು. ಹೊಸ ವಸ್ತು ಮನೆಗೆ ಬಂದರೆ ಅದರ ಹೊದಿಕೆ ತೆಗೆಯುವುದಿಲ್ಲ. ಕುರ್ಚಿಯ ಪ್ಲಾಸ್ಟಿಕ್ಕು ಹರಿದು ತಾನಾಗಿ ಉದುರುವವರೆಗೆ ಅದರ ಮೇಲೇ ಕೂರುತ್ತೇವೆ, ಬೇಸಿಗೆಯಲ್ಲಿ ಬೆನ್ನು ಅಂಟಿಕೊಂಡರೂ ಚಿಂತೆಯಿಲ್ಲ. ಟೀವಿಗೆ ಕಸೂತಿಯ ಅಂಗಿ, ಮಿಕ್ಸಿಗೆ ಅಂಗಿ, ರಿಮೋಟಿಗೆ ಪ್ಲಾಸ್ಟಿಕ್ ಚೀಲ. ಡಾಕ್ಟರ ದುರ್ಬೀನಿನಲ್ಲಿ ಕಣ್ಣಿಡುವ ಕಡೆ ಎರಡು ಕಪ್ಪು ರಬ್ಬರಿನ ಬಳೆಗಳು ಎದ್ದು ನಿಂತಿದ್ದವು. ಬರುವಾಗಲೇ ಹಾಗೆ ಬಂದಿದ್ದವು, ಹಾಗೇ ಇದ್ದವು. ಯಾರ ಕೈಗೆ ಕೊಡುವಾಗಲೂ ಡಾಕ್ಟರು ಅದೇ ಮಾತು ಹೇಳುತ್ತಿದ್ದರು. "ರಬ್ಬರು ಮುಟ್ಟಲಾಗ. ಅದು ಗಾಜಿಗೆ ಬೇಲಿ. ಆನು ಎಲ್ಲ ಸರಿ ಮಾಡಿಟ್ಟಿದ್ದೆ, ನಿಂಗ ಬರೇ ನೋಡಿ ಸಾಕು."

ನಾವು ಬರೇ ನೋಡುತ್ತಿದ್ದೆವು. ಎಂಥ ಚೊಲೋ ಕಾಣುತ್ತದೆ ಎಂದು ಎಲ್ಲರೂ ಹೇಳುತ್ತಿದ್ದೆವು. ಸುಳ್ಳಲ್ಲ, ನಿಜವಾಗಿಯೂ ಚೊಲೋ ಕಾಣುತ್ತಿತ್ತು.

ನನ್ನ ಹತ್ತಿರ ಇದ್ದದ್ದು ಸೈನ್ಯದಲ್ಲಿದ್ದ ಸೋದರಮಾವ ಕೊಟ್ಟ ರಷ್ಯಾದ ಹಳೆಯ ದುರ್ಬೀನು. ಅದನ್ನು ಕೊರಳಿಗೆ ಹಾಕಿಕೊಂಡರೆ ಕರುವಿನ ಕೊರಳಿಗೆ ಮರದ ಕುಂಟೆ ಕಟ್ಟಿದ ಹಾಗೆ. ಎಲ್ಲೋ ಬಿದ್ದು ಒಳಗಿನ ಗಾಜು ಒಂದು ಪಕ್ಕ ಜರುಗಿತ್ತು. ಎರಡೂ ಕಣ್ಣಿಟ್ಟರೆ ಒಂದು ಹಕ್ಕಿ ಎರಡಾಗಿ, ಅರ್ಧ ಗಂಟೆಗೆ ತಲೆನೋವು. ಹಾಗಾಗಿ ನಾನು ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ಮಾತ್ರ ನೋಡುತ್ತಿದ್ದೆ.

ಆ ಭಾನುವಾರ ನಾವು ಹೋದದ್ದು ಹೆಗ್ಗರಣೆಯಿಂದ ಮುಂದೆ, ಉಂಚಳ್ಳಿ ಜಲಪಾತದ ಕಡೆಗೆ. ಕಾಡುದಾರಿಯ ಪಕ್ಕ ಬಳ್ಳಿ, ಒಣ ಕಡ್ಡಿ, ತರಗೆಲೆ ಎಲ್ಲ ಸಿಕ್ಕಿಕೊಂಡ ಒಂದು ಪೊದೆ ಇತ್ತು. ಅದರ ನಡುವೆ, ನನ್ನ ತಲೆಯ ಎತ್ತರದಲ್ಲಿ, ಒಂದು ತರಗೆಲೆಗೆ ಕಣ್ಣಿತ್ತು. ಉಸಿರು ಬಿಗಿಹಿಡಿದು ನೋಡಿದೆ. ಕಪ್ಪೆಬಾಯಿ ಹಕ್ಕಿ. ರಾತ್ರಿ ಮಾತ್ರ ಹಾರಿ, ಹಗಲಿಡೀ ಮುಖ ಮೇಲೆತ್ತಿ ಒಣ ಎಲೆಯಂತೆ ಕೂರುವ ಹಕ್ಕಿ. ಕೊಕ್ಕು ಕಪ್ಪೆಯ ಬಾಯಿಯಷ್ಟು ಅಗಲ. ಪುಸ್ತಕದಲ್ಲಿ ಚಿತ್ರ ನೋಡಿದ್ದೆ, ನಮ್ಮಲ್ಲಿ ಯಾರೂ ಹಕ್ಕಿಯನ್ನು ನೋಡಿರಲಿಲ್ಲ. ಪಿಸುಮಾತಿನಲ್ಲಿ ಎಲ್ಲರನ್ನೂ ಕರೆದೆ. ಗುಮಾಸ್ತರು ನಾನು ಹೇಳಿದ ಕೂಡಲೇ ಪುಸ್ತಕದಲ್ಲಿ ಹೆಸರು ಬರೆದೂಬಿಟ್ಟರು.

ಡಾಕ್ಟರು ದುರ್ಬೀನು ಎತ್ತಿದರು. "ಎಲ್ಲಿ?" ಅಂದರು. ಎಡಗಡೆಯ ಬಳ್ಳಿಯ ಕೆಳಗೆ ಅಂದೆ. "ಎಲ್ಲಿ, ಎಲ್ಲಿ?" ಅಂದರು. ಒಂದು ನಿಮಿಷ ಆ ಕಡೆ ಈ ಕಡೆ ಆಡಿಸಿದರು. ಆಮೇಲೆ ಒಂದು ಕಡೆ ನಿಲ್ಲಿಸಿ ನಕ್ಕರು. ನಗು ಅಂದರೆ ಕಾಡಿಗೆಲ್ಲ ಕೇಳುವ ನಗು.

"ಅಕ್ಕೋರೇ, ತರಗೆಲೆ ಇದು! ತರಗೆಲೆಗೆ ಕೊಕ್ಕು ಇದ್ದು ಹೇಳಿ ಯಾವ ಪುಸ್ತಕದಲ್ಲಿ ಓದಿದ್ರಿ?"

"ನಂಗೆ ಸರಿಯಾಗಿ ಕಾಣ್ತಾ ಇದ್ದು ಡಾಕ್ಟ್ರೇ. ಕಣ್ಣು ಕಂಡ್ತು" ಅಂದೆ.

"ಆ ರಷ್ಯಾದ ಡಬ್ಬದಲ್ಲಿ ನೋಡಿರೆ ಕಲ್ಲಿಗೂ ಕಣ್ಣು ಕಾಣ್ತು. ಇಗಾ, ಎಲ್ಲರೂ ಇದರಲ್ಲಿ ನೋಡಿ."

ಎಲ್ಲರೂ ಸರದಿಯಲ್ಲಿ ಅವರ ದುರ್ಬೀನಿನಲ್ಲಿ, ಅವರು ಬೆರಳು ಮಾಡಿದ ಜಾಗವನ್ನೇ ನೋಡಿದರು. ಅಲ್ಲಿ ನಿಜವಾಗಿಯೂ ಒಂದು ತರಗೆಲೆ ಇತ್ತು. ನನ್ನ ಹಕ್ಕಿ ಅದಕ್ಕಿಂತ ಒಂದು ಮೊಳ ಈಚೆಗೆ ಕೂತಿತ್ತು. ನನ್ನ ತಲೆನೋವಿನ ಡಬ್ಬದಲ್ಲಿ ನೋಡಲು ಯಾರಿಗೂ ಮನಸ್ಸಿರಲಿಲ್ಲ. ಅವರ ನಗುವಿಗೋ ಏನೋ, ಹಕ್ಕಿ ಪೊದೆಯ ಹಿಂದಿನಿಂದ ಸದ್ದಿಲ್ಲದೆ ಜಾರಿಹೋಯಿತು. ಡಾಕ್ಟರು ಗುಮಾಸ್ತರ ಕೈಯಿಂದ ಪುಸ್ತಕ ಇಸಿದುಕೊಂಡು, ತಮ್ಮ ಪೆನ್ನಿನಿಂದ ಆ ಹೆಸರಿನ ಮೇಲೆ ಗೀಟು ಎಳೆದರು. ಪಕ್ಕದಲ್ಲಿ 'ತರಗೆಲೆ' ಎಂದು ಬರೆದರು.

ಜಲಪಾತದ ಎದುರು ಅವಲಕ್ಕಿ ತಿನ್ನುವಾಗ ಆ ಕಥೆಯನ್ನು ಅವರು ಎರಡು ಸಲ ಹೇಳಿದರು. ಮುಂದಿನ ವಾರ ದವಾಖಾನೆಯಲ್ಲಿ ಇಂಜೆಕ್ಷನ್ ಚುಚ್ಚುತ್ತಾ ರೋಗಿಗಳಿಗೂ ಹೇಳಿರಬೇಕು. ಹದಿನೈದು ದಿನದಲ್ಲಿ ಶಿರಸಿ-ಸಿದ್ದಾಪುರ ಬಸ್ಸಿನಲ್ಲಿ ನನ್ನ ಬೆನ್ನ ಹಿಂದೆ 'ತರಗೆಲೆ ಅಕ್ಕೋರು' ಎಂಬ ಮಾತು ಕೇಳಿಸಿತು. ಒಂದು ದಿನ ಎಂಟನೇ ತರಗತಿಗೆ ಹೋದರೆ ಕಪ್ಪುಹಲಗೆಯ ಮೂಲೆಯಲ್ಲಿ ಕೊಕ್ಕಿರುವ ಎಲೆಯ ಚಿತ್ರವಿತ್ತು. ಚೆನ್ನಾಗಿಯೇ ಬರೆದಿದ್ದರು. ನಾನು ಅದನ್ನು ಒರೆಸಿ ಪಾಠ ಶುರುಮಾಡಿದೆ. ಅವತ್ತು ದ್ಯುತಿಸಂಶ್ಲೇಷಣೆ. ಎಲೆ ಎಂಬ ಶಬ್ದ ಹೇಳಿದಾಗಲೆಲ್ಲ ಹಿಂದಿನ ಬೆಂಚು ಕಿಸಕ್ಕೆಂದಿತು. ಮನೆಗೆ ಬಂದು ಅತ್ತೆ. ಅತ್ತು ಮುಗಿದ ಮೇಲೆ ತೀರ್ಮಾನ ಮಾಡಿದೆ: ಆ ಗೀಟು ಎಳೆದ ಕೈಯಿಂದಲೇ ಅದನ್ನು ಅಳಿಸಬೇಕು, ಅದೂ ಅದೇ ಜನರ ಎದುರಿಗೆ.

ಆಮೇಲಿನ ಆರು ವರ್ಷ ನಾನು ಹಕ್ಕಿ ನೋಡಿದ್ದಕ್ಕಿಂತ ದುರ್ಬೀನು ನೋಡಿದ್ದೇ ಹೆಚ್ಚು. ಸೇಡಿಗೆ ಒಂದು ಆಯುಧ ಬೇಕಿತ್ತು, ಅದನ್ನು ಆರಿಸುವುದಕ್ಕೆ ನಾನು ಊಟ ನಿದ್ದೆ ಬಿಟ್ಟಿದ್ದೆ. ಉಂಚಳ್ಳಿಗೆ ಬಂದ ಪರದೇಶಿ ಪ್ರವಾಸಿಗಳು, ಯಲ್ಲಾಪುರದ ಕಾಡಿನಲ್ಲಿ ಮಂಗಟ್ಟೆ ಹಕ್ಕಿಯ ಗೂಡು ಕಾಯುತ್ತಿದ್ದ ಸಂಶೋಧಕರು, ಯಾರ ಕೊರಳಲ್ಲಿ ದುರ್ಬೀನು ಕಂಡರೂ ಹೋಗಿ ಕೇಳುತ್ತಿದ್ದೆ. ನಾಚಿಕೆ ಬಿಟ್ಟಿದ್ದೆ.

ಹಾಗೆ ಕೇಳಿ ಕೇಳಿ ಕಲಿತೆ. ಹತ್ತು ಪಟ್ಟು ದೊಡ್ಡದು ಮಾಡುವ ದುರ್ಬೀನು ಅಂಗಡಿಯಲ್ಲಿ ಚೆಂದ, ಕಾಡಿನಲ್ಲಿ ಕೈನಡುಕವನ್ನೂ ಹತ್ತು ಪಟ್ಟು ಮಾಡುತ್ತದೆ. ಏರು ಹತ್ತಿ ಏದುಸಿರು ಬಿಡುವಾಗ ಎಂಟು ಪಟ್ಟಿನದೇ ಹಿತ. ಆಸ್ಟ್ರಿಯಾದ ಒಂದರಲ್ಲಿ ಮರದ ನೆರಳಿನೊಳಗೂ ಹಗಲು ಕಂಡಿತು, ಆದರೆ ಹೆಬ್ಬೆರಳು ಇಡುವ ಜಾಗ ಗಂಡಸರ ಕೈಗೆ ಅಳತೆ ತೆಗೆದು ಮಾಡಿದ್ದು, ನನ್ನ ಕೈಗೆ ಕಾಲು ಗಂಟೆಯಲ್ಲಿ ಜೋಮು ಹಿಡಿಯಿತು. ಇನ್ನೊಂದರಲ್ಲಿ ಆಕಾಶಕ್ಕೆ ಎದುರಾಗಿ ಕೂತ ಕಾಗೆಗೆ ನೇರಳೆ ಅಂಚಿನ ಸೀರೆ ಉಡಿಸಿದ ಹಾಗೆ ಕಾಣುತ್ತಿತ್ತು. ತೂಕಕ್ಕಿಂತ ಪಟ್ಟಿ ಮುಖ್ಯ ಎಂಬುದೂ ತಿಳಿಯಿತು. ಅಗಲ ಪಟ್ಟಿಯಿದ್ದರೆ ಭಾರದ್ದನ್ನೂ ದಿನವಿಡೀ ಹೊರಬಹುದು, ಕಿರಿದಾದ ತೊಗಲಿನ ಪಟ್ಟಿಯಾದರೆ ಹಗುರದ್ದೂ ಮಧ್ಯಾಹ್ನಕ್ಕೆ ಕುತ್ತಿಗೆ ಕೊಯ್ಯುತ್ತದೆ.

ಎರಡು ಸಾವಿರ ಇಸವಿ ದಾಟಿದ ಮೇಲೆ ಮುಂಬಯಿಯಲ್ಲಿದ್ದ ತಂಗಿಯ ಕೈಯಲ್ಲಿ ಜಪಾನಿನದ್ದೊಂದು ತರಿಸಿದೆ. ನನ್ನ ಕೈಗೆ ಹೇಳಿ ಮಾಡಿಸಿದಂತಿತ್ತು. ನನ್ನ ಯಜಮಾನರು ಡಬ್ಬಿ ನೋಡಿ, "ಇದರ ಬದಲು ಒಂದು ಸರ ಮಾಡಿಸಲೆ ಆಗ್ತಿತ್ತಿಲ್ಯ?" ಎಂದರು. ಸರ ಹಾಕಿಕೊಂಡರೆ ಡಾಕ್ಟರ ಬಾಯಿ ಮುಚ್ಚುತ್ತದೆಯೇ ಎಂದು ಕೇಳಿದೆ. ಅವರು ಪೇಪರು ಓದಲು ಹೋದರು.

ಅದೇ ವರ್ಷ ನನಗೂ ಚಷ್ಮಾ ಬಂತು. ದೂರದ್ದು, ಹತ್ತಿರದ್ದು ಎರಡೂ ಇದ್ದದ್ದು. ಚಷ್ಮಾ ಹಾಕಿಕೊಂಡು ಹೊಸ ದುರ್ಬೀನಿಗೆ ಕಣ್ಣಿಟ್ಟೆ. ಅಷ್ಟು ಅಗಲ ಕಾಣುತ್ತಿದ್ದದ್ದು ಮಾಯವಾಗಿ, ಸುತ್ತ ಕತ್ತಲೆ, ನಡುವೆ ದೋಸೆಯ ಒಂದು ತೂತಿನಷ್ಟು ಬೆಳಕು. ಬಾಗಿಲ ಬೀಗದ ತೂತಿನಲ್ಲಿ ಮನೆಯೊಳಗೆ ಇಣುಕಿದ ಹಾಗೆ. ಕೆಟ್ಟಿತೆಂದುಕೊಂಡು ಡಬ್ಬಿಯಲ್ಲಿದ್ದ ಚೀಟಿ ತೆಗೆದೆ. ಅದರಲ್ಲಿ ಎರಡು ಚಿತ್ರವಿತ್ತು. ಬರಿಗಣ್ಣಿನ ಮುಖದ ಎದುರು ಕಣ್ಣುಬಳೆ ಎದ್ದಿದೆ. ಚಷ್ಮಾದ ಮುಖದ ಎದುರು ಕಣ್ಣುಬಳೆ ಇಳಿದಿದೆ. ಚಷ್ಮಾ ಇದ್ದರೆ ಕಣ್ಣು ಮೊದಲೇ ಗಾಜಿನಿಂದ ದೂರ ನಿಲ್ಲುತ್ತದೆ, ಬಳೆಯೂ ಎದ್ದಿದ್ದರೆ ಇನ್ನೂ ದೂರವಾಗಿ ಅಂಚೆಲ್ಲ ಕಾಣದೆ ಹೋಗುತ್ತದೆ, ಅಷ್ಟೇ ವಿಷಯ. ಬಳೆಯನ್ನು ತಿರುಗಿಸಿ ಇಳಿಸಿದೆ. ಎದುರು ಮನೆಯ ಹೆಂಚು, ತೆಂಗಿನ ಮರ, ತಂತಿಯ ಮೇಲಿನ ಪಿಕಳಾರ ಎಲ್ಲ ಒಟ್ಟಿಗೆ ಬಂದವು.

ಆಗ ನನಗೆ ಡಾಕ್ಟರು ನೆನಪಾದರು. ಗಾಜಿಗೆ ಬೇಲಿ ಎಂದು ಅವರು ಯಾರಿಗೂ ಮುಟ್ಟಗೊಡದ ಆ ಎರಡು ರಬ್ಬರು. ಯಾವ ಹಕ್ಕಿ ತೋರಿಸಿದರೂ "ಎಲ್ಲಿ, ಎಲ್ಲಿ?" ಎಂದು ಎಲ್ಲರಿಗಿಂತ ಕೊನೆಗೆ ಹುಡುಕುವುದು. ಹಾರಿಹೋದ ಮೇಲೆ "ಕಂಡ್ತು, ಕಂಡ್ತು" ಅನ್ನುವುದು. ನಮ್ಮ ಗುಂಪಿನಲ್ಲಿ ಚಷ್ಮಾ ಇದ್ದವರು ಅವರೊಬ್ಬರೇ. ಉಳಿದವರು ಬರಿಗಣ್ಣಿನಲ್ಲಿ ನೋಡಿ ಹೊಗಳುತ್ತಿದ್ದದ್ದು ಇಡೀ ಕಾಡನ್ನು. ಅವರು ನೋಡುತ್ತಿದ್ದದ್ದು ಬೀಗದ ತೂತಿನಷ್ಟನ್ನು. ಎಲ್ಲರೂ ನೋಡುವುದು ಇಷ್ಟೇ ಎಂದು ಅವರು ನಂಬಿದ್ದರು. ಹೆಗ್ಗರಣೆಯಲ್ಲಿ ಅವತ್ತು ಒಂದು ಮೊಳ ಈಚೆಗಿದ್ದ ಹಕ್ಕಿ ಅವರಿಗೆ ಕಾಣಲಿಲ್ಲ ಎಂಬುದು ನಿಜ. ಸುಳ್ಳು ಹೇಳಿರಲಿಲ್ಲ ಮನುಷ್ಯ.

ಒಳ್ಳೆಯವಳಾಗಿದ್ದರೆ ಆ ಸಂಜೆಯೇ ದವಾಖಾನೆಗೆ ಹೋಗಿ ಹೇಳುತ್ತಿದ್ದೆ. ಬೆರಳ ತುದಿಯ ಕೆಲಸ, ಮಡಚಿದರೆ ಮುಗಿಯಿತು. ನಾನು ಹೇಳಲಿಲ್ಲ. ಗೊತ್ತಾದ ಆ ಗಳಿಗೆಯಲ್ಲಿ ನನಗಾದ ಸುಖ ದೊಡ್ಡದು. ಪ್ರತಿ ಎರಡನೇ ಭಾನುವಾರ ನಾನು ಹಕ್ಕಿಯ ಬದಲು ಡಾಕ್ಟರನ್ನು ನೋಡುತ್ತಿದ್ದೆ. ಅವರು ತೂತಿನಲ್ಲಿ ತಡಕಾಡುವಾಗ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ನೋಡು, ಇನ್ನೂ ನೋಡು, ತರಗೆಲೆ ನೋಡು ಎಂದು ಮನಸ್ಸಿನಲ್ಲೇ ಹೇಳುತ್ತಿದ್ದೆ. ಬೇಕೆಂದೇ ಪೊದೆಯೊಳಗಿನ ಸಣ್ಣ ಹಕ್ಕಿಗಳನ್ನೇ ತೋರಿಸುತ್ತಿದ್ದೆ. ನನ್ನ ಜಪಾನಿನದ್ದನ್ನು ಅವರು ಕೈಯಲ್ಲಿ ಸಹ ಹಿಡಿದಿರಲಿಲ್ಲ. "ಜಪಾನಿದ? ರೇಡಿಯೋ ಚೊಲೋ ಮಾಡ್ತ" ಎಂದು ಮೊದಲ ದಿನವೇ ತೀರ್ಪು ಕೊಟ್ಟಿದ್ದರು.

ಹೀಗೆ ಒಂದೂವರೆ ವರ್ಷ ಕಳೆಯಿತು. ಆಗ ಬ್ಯಾಂಕಿನ ಗುಮಾಸ್ತರಿಗೆ ಒಂದು ಒಳ್ಳೆಯ ದುರ್ಬೀನು ಕೊಳ್ಳುವ ಮನಸ್ಸಾಯಿತು. ಜರ್ಮನಿಯದೋ ಜಪಾನಿನದೋ ಎಂದು ಕೇಳಿದರು. ಎರಡನ್ನೂ ಒಂದೇ ದಿನ, ಒಂದೇ ಹಕ್ಕಿಯ ಮೇಲೆ ಇಟ್ಟು ನೋಡಿಬಿಡೋಣ ಎಂದು ನಾನೇ ಹೇಳಿದೆ. ಡಾಕ್ಟರು ಒಪ್ಪಿದರು. ಗೆಲ್ಲುವ ಪಂದ್ಯ ಯಾರು ಬಿಡುತ್ತಾರೆ?

ಹಕ್ಕಿಯನ್ನು ನಾನು ಮೊದಲೇ ಗೊತ್ತು ಮಾಡಿಕೊಂಡಿದ್ದೆ. ಯಲ್ಲಾಪುರದ ಹತ್ತಿರ ಕಾಡು ಕಾಯುವ ಒಬ್ಬ ವಾಚರು ನನಗೆ ಪರಿಚಯ. ಕಪ್ಪೆಬಾಯಿಯ ಚಿತ್ರ ಕೊಟ್ಟು, ಕಂಡರೆ ಹೇಳಿ ಎಂದು ವರ್ಷಗಟ್ಟಲೆ ಅವನ ತಲೆ ತಿಂದಿದ್ದೆ. ಆ ವಾರ ಅವನು ಶಾಲೆಗೆ ಫೋನು ಮಾಡಿದ. "ಎರಡು ಕುಂತಾವ್ರಿ ಅಕ್ಕೋರ. ಮೂರು ದಿನ ಆತು, ಅದೇ ಟೊಂಗಿ ಮ್ಯಾಲೆ." ಎಂಟು ವರ್ಷದ ಮೇಲೆ ನನ್ನ ತರಗೆಲೆ ಸಿಕ್ಕಿತ್ತು, ಜೊತೆಗೆ ಜೋಡಿಯನ್ನೂ ಕರೆದುಕೊಂಡು ಬಂದಿತ್ತು.

ಭಾನುವಾರ ಎಲ್ಲರೂ ಹೋದೆವು. ವಾಚರು ದೂರದಿಂದಲೇ ಪೊದೆ ತೋರಿಸಿದ. ಮೊದಲು ಬರಿಗಣ್ಣಿನವರು ಒಬ್ಬೊಬ್ಬರಾಗಿ ಎರಡರಲ್ಲೂ ನೋಡಿದರು. ಅವರಿಗಾಗಿ ನನ್ನದರ ಬಳೆ ಎಬ್ಬಿಸಿ ಕೊಟ್ಟೆ. ಗುಮಾಸ್ತರು ಹಾಳೆಯಲ್ಲಿ ಬರೆದುಕೊಂಡರು. ಹಿಡಿಯುವುದಕ್ಕೆ, ಹೊರುವುದಕ್ಕೆ ಜಪಾನಿನದು ಹಿತ. ಹತ್ತಿರದ ವಸ್ತುವಿಗೂ ಅದೇ ಸೈ, ಕಾಲ ಬುಡದ ಚಿಟ್ಟೆಯನ್ನೂ ತೋರಿಸುತ್ತದೆ. ನೋಟಕ್ಕೆ ಮಾತ್ರ ಎಲ್ಲರೂ ಜರ್ಮನಿಯದು ಅಂದರು. ಡಾಕ್ಟರು ಎಲೆಯಡಿಕೆಯ ಕವಳ ಜಗಿಯುತ್ತಾ ಮರಕ್ಕೆ ಒರಗಿ ನಿಂತಿದ್ದರು.

ನನ್ನ ಸರದಿ ಬಂತು. ಅವರ ದುರ್ಬೀನು ನನ್ನ ಕೈಗೆ ಬಂತು. ಎಲ್ಲರಿಗೂ ಬೆನ್ನು ಮಾಡಿ ನಿಂತು ಆ ರಬ್ಬರುಗಳನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಮಡಚಿದೆ. ಬಿಗಿಯಾಗಿದ್ದವು, ಯಾರೂ ಎಂದೂ ಮಡಚಿರಲಿಲ್ಲ. ಚಷ್ಮಾದ ಮೇಲೆ ಕಣ್ಣಿಟ್ಟೆ.

ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ನಾನು ಅಲ್ಲಿಯವರೆಗೆ ನೋಡಿದ ದುರ್ಬೀನುಗಳಲ್ಲಿ ಅದೇ ಎಲ್ಲಕ್ಕಿಂತ ಮೇಲು. ನನ್ನದು ಅದರ ಮುಂದೆ ಏನೂ ಅಲ್ಲ. ನೆರಳಿನೊಳಗೆ ಕೂತ ಆ ಎರಡು ಹಕ್ಕಿಗಳ ಕೊಕ್ಕಿನ ಬುಡದ ಮೀಸೆಕೂದಲು ಒಂದೊಂದಾಗಿ ಕಂಡಿತು. ಗಂಡು ಬೂದು, ಹೆಣ್ಣು ಇಟ್ಟಿಗೆ ಕೆಂಪು. ಒಂದು ಅರೆಗಣ್ಣು ತೆರೆದು ಮುಚ್ಚಿತು. ಇಂಥ ವಸ್ತು ಇಷ್ಟು ವರ್ಷ ಆ ಮನುಷ್ಯನ ಕೊರಳಲ್ಲಿತ್ತಲ್ಲ, ಒಂದು ದಿನವೂ ಅವರು ಇದನ್ನು ಕಂಡಿಲ್ಲವಲ್ಲ ಎಂದು ಯೋಚನೆ ಬಂತು. ಅಯ್ಯೋ ಅನ್ನಿಸಿತೇ? ಅನ್ನಿಸಿತು. ಆದರೆ ಕಪ್ಪುಹಲಗೆಯ ಮೇಲಿನ ಎಲೆಯೂ ನೆನಪಿಗೆ ಬಂತು. ಮಡಚಿದ ರಬ್ಬರನ್ನು ಮತ್ತೆ ಎಬ್ಬಿಸಿ, ಮೊದಲಿದ್ದ ಹಾಗೇ ಮಾಡಿ, ಡಾಕ್ಟರ ಕೈಗೆ ಕೊಟ್ಟೆ. ನನ್ನದರ ಬಳೆಯನ್ನು ಪೂರ್ತಿ ಇಳಿಸಿ ಅದನ್ನೂ ಕೊಟ್ಟೆ.

ಅವರು ಮೊದಲು ತಮ್ಮದರಲ್ಲಿ ನೋಡಿದರು. "ಎಲ್ಲಿ?" ಅಂದರು. ವಾಚರು ಪಕ್ಕದಲ್ಲಿ ನಿಂತು ದಾರಿ ಹೇಳಿದ, ಎರಡು ನಿಮಿಷ ಬೇಕಾಯಿತು. ಆಮೇಲೆ ಔದಾರ್ಯ ತೋರಿಸುವವರಂತೆ ನನ್ನದನ್ನು ಎತ್ತಿದರು. ಎತ್ತಿದವರು ಇಳಿಸಲಿಲ್ಲ. ಜಗಿಯುವುದು ನಿಂತಿತು.

"ಇಡೀ ಮರ ಕಾಣ್ತು" ಅಂದರು. ಯಾರಿಗೂ ಹೇಳಿದ್ದಲ್ಲ ಅದು. "ಇಷ್ಟಗಲ ಕಾಣ್ತ ಇದು!"

ದುರ್ಬೀನು ಇಳಿಸಿ ನನ್ನ ಕಡೆ ತಿರುಗಿದರು. ಅವರ ಮುಖ ಬಿಳಿಚಿಕೊಂಡಿತ್ತು. "ಅಕ್ಕೋರೇ, ನಿಂಗಳದ್ದೇ ಚೊಲೋ ಇದ್ದು. ಎನ್ನದು ಎಂತಕ್ಕೂ ಬಪ್ಪದಲ್ಲ. ಇವರೆಲ್ಲ ನನ್ನ ಮುಖ ನೋಡಿ ಹೊಗಳಿದ್ದು." ಎಲ್ಲರೂ ಹಾಗಲ್ಲ ಹಾಗಲ್ಲ ಎಂದರು. ಅವರು ಕೇಳಲಿಲ್ಲ. ಗುಮಾಸ್ತರ ಚೀಲದಿಂದ ಹಳೆಯ ಪುಸ್ತಕ ತೆಗೆಸಿದರು. ಎಂಟು ವರ್ಷದ ಹಿಂದಿನ ಪುಟ ಹುಡುಕಿ, ತಾವು ಬರೆದ 'ತರಗೆಲೆ'ಯನ್ನು ಹೊಡೆದುಹಾಕಿ, ಹಕ್ಕಿಯ ಹೆಸರನ್ನು ಮತ್ತೆ ತಮ್ಮ ಕೈಯಿಂದಲೇ ಬರೆದು ಸಹಿ ಮಾಡಿದರು. "ತಪ್ಪಾತು. ಅವತ್ತು ನಂಗೆ ಕಂಡಿದ್ದಿಲ್ಲೆ" ಎಂದರು. ಎಲ್ಲರ ಎದುರಿಗೆ.

ನಾನು ಬಯಸಿದ್ದು ಒಂದಕ್ಷರ ಬಿಡದೆ ನಡೆದಿತ್ತು. ಯಲ್ಲಾಪುರದ ಹೋಟೆಲಿನಲ್ಲಿ ಅವತ್ತು ನಾನು ಎರಡು ಪ್ಲೇಟು ಬನ್ಸು ತಿಂದೆ.

ಡಾಕ್ಟರ ಮಾತು ಕೇಳಿ ಗುಮಾಸ್ತರು ಜಪಾನಿನದ್ದನ್ನೇ ಕೊಂಡರು. ಅವರಿಗೆ ಬರಿಗಣ್ಣು, ಜರ್ಮನಿಯದೇ ಒಳ್ಳೆಯದಿತ್ತು. ನಾನು ಅದಕ್ಕೂ ಬಾಯಿ ಬಿಡಲಿಲ್ಲ. ಮುಂದಿನ ಎರಡನೇ ಭಾನುವಾರ ಡಾಕ್ಟರು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಜೀಪು ಮಾತ್ರ ಕಳಿಸುತ್ತಿದ್ದರು. ಕೆಟ್ಟ ದುರ್ಬೀನು ಹಿಡಿದುಕೊಂಡು ಬಂದು ಎಂತ ಮಾಡುವುದು ಎಂದಿದ್ದರಂತೆ. ಮಳೆಗಾಲ ಬಂತು, ಹೋಯಿತು.

ನವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವರು ನಮ್ಮ ಮನೆಗೆ ಬಂದರು. ಕೈಯಲ್ಲಿ ಆ ತೊಗಲಿನ ಪೆಟ್ಟಿಗೆ. ಬಂದವರಿಗೆ ಆಸರಿಗೆ, ಅಂದರೆ ಕುಡಿಯಲು ಏನು ಎಂದು, ಕೇಳುವುದು ನಮ್ಮ ಪದ್ಧತಿ, ಹಗೆಯವರಾದರೂ ಸರಿ. "ಆಸರಿಗೆ ಎಂತ ಅಡ್ಡಿಲ್ಲೆ ಡಾಕ್ಟ್ರೇ?" ಎಂದೆ. ಕಷಾಯ ಸಾಕು ಎಂದರು. ಕುಡಿದು ಲೋಟ ಕೆಳಗಿಟ್ಟು ಪೆಟ್ಟಿಗೆಯನ್ನು ನನ್ನ ಕಡೆ ಸರಿಸಿದರು.

"ಇದನ್ನ ನಿಂಗಳ ಶಾಲೆಗೆ ಕೊಡ್ತೆ. ಮಳೆಗಾಲ ಪೂರ್ತಿ ಒಲೆ ಮೇಲಿನ ನಾಗಂದಿಗೆಯಲ್ಲಿ ಬೆಚ್ಚಗೆ ಇಟ್ಟಿದ್ದೆ, ಬೂಸ್ಟು ಹಿಡದ್ದಿಲ್ಲೆ. ನಂಗಂತೂ ಸಾಕಾತು. ಹೆಂಗೂ ಶಾಲೆ ಮಕ್ಕಳಿಗೆ ಇಷ್ಟಿದ್ರೆ ಸಾಕು."

ಸುಮ್ಮನಿದ್ದರೆ ಸಾಕಿತ್ತು. ಲೋಕದ ಅತಿ ಒಳ್ಳೆಯ ದುರ್ಬೀನು ನನ್ನ ಕಪಾಟಿಗೆ ಬಂದು ಕೂರುತ್ತಿತ್ತು. ಆದರೆ ಆ ಕೊನೆಯ ಮಾತು ನನಗೆ ನಾಟಿತು. ಶಾಲೆ ಮಕ್ಕಳಿಗೆ ಇಷ್ಟಿದ್ದರೆ ಸಾಕಂತೆ. ತನಗೆ ಬೇಡವಾದ ಹಳಸಿದ ಅನ್ನ ನನ್ನ ಮಕ್ಕಳ ತಟ್ಟೆಗೆ. ಮೈಯೆಲ್ಲ ಉರಿಯಿತು. ದಯೆಯಿಂದ ಹೇಳಿದ್ದಲ್ಲ ನಾನು, ಸಿಟ್ಟಿನಿಂದ ಹೇಳಿದ್ದು. ಇನ್ನೊಂದು ಪೆಟ್ಟು ಉಳಿದಿದೆ, ಅದನ್ನೂ ಹಾಕಿಬಿಡುತ್ತೇನೆ ಎಂದುಕೊಂಡೆ. ಪೆಟ್ಟಿಗೆ ತೆರೆದು, ದುರ್ಬೀನು ತೆಗೆದು, ಅವರ ಕಣ್ಣೆದುರಿಗೇ ಎರಡೂ ರಬ್ಬರು ಹಿಂದಕ್ಕೆ ಮಡಚಿದೆ.

"ಇದು ಹಾಳಾಗಿದ್ದಲ್ಲ. ನಿಂಗಕ್ಕೆ ನೋಡಲೆ ಬತ್ತಿಲ್ಲೆ. ಚಷ್ಮಾ ಇದ್ದವು ಇದನ್ನ ಮಡಚವು. ಈಗ ನೋಡಿ."

ಅವರು ಜಗುಲಿಗೆ ಹೋಗಿ ನಿಂತು ನೋಡಿದರು. ಎದುರಿನ ತಂತಿಯ ಮೇಲೆ ಒಂದು ಪಿಕಳಾರ, ಅದಕ್ಕಿಂತ ಆಚೆ ತೆಂಗು, ಅದಕ್ಕಿಂತ ಆಚೆ ಗುಡ್ಡ. ಬಹಳ ಹೊತ್ತು ನೋಡಿದರು. ನಾನು ಅವರ ಮುಖ ನೋಡಲು ಕಾದು ನಿಂತಿದ್ದೆ. ಕೈ ಇಳಿಸಿದಾಗ ಅವರ ಮುಖದಲ್ಲಿ ನಾಚಿಕೆ ಇರಲಿಲ್ಲ. ಕಣ್ಣು ಒದ್ದೆಯಾಗಿತ್ತು. ಅವರು ಒಂದೇ ಪ್ರಶ್ನೆ ಕೇಳಿದರು, ಅದು ನಾನು ಎಣಿಸದೇ ಇದ್ದ ಪ್ರಶ್ನೆ.

"ನಿಂಗಕ್ಕೆ ಇದು ಯಾವಾಗ ಗೊತ್ತಾತು?"

ಸುಳ್ಳು ಹೇಳಬಹುದಿತ್ತು. ನಿನ್ನೆ ಅನ್ನಬಹುದಿತ್ತು. "ಚಷ್ಮಾ ಬಂದಾಗ" ಅಂದೆ. ನನಗೆ ಚಷ್ಮಾ ಬಂದದ್ದು ಯಾವಾಗ ಎಂದು ಅವರಿಗೆ ಚೆನ್ನಾಗಿ ಗೊತ್ತು, ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದ್ದೇ ಅವರು. ಬೆರಳು ಮಡಚಿ ಲೆಕ್ಕ ಹಾಕಬೇಕಾದ ಕೆಲಸ ಇರಲಿಲ್ಲ.

"ಎರಡು ವರ್ಷಕ್ಕಿಂತ ಹೆಚ್ಚಾತು" ಅಂದರು. ಮತ್ತೆ, "ಯಲ್ಲಾಪುರದಲ್ಲೂ ಗೊತ್ತಿತ್ತು" ಅಂದರು. ಕೇಳಿದ್ದಲ್ಲ. ನಾನು ತಲೆಯಾಡಿಸಿದೆ. ಅವರು ಬೈಯಲಿಲ್ಲ. ದುರ್ಬೀನನ್ನು ಮಡಚಿದ ರಬ್ಬರಿನ ಸಮೇತ ಪೆಟ್ಟಿಗೆಯಲ್ಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದರು. ಅಂಗಳ ದಾಟುವವರೆಗೂ ನಾನು ಗೆದ್ದವಳಂತೆಯೇ ನಿಂತಿದ್ದೆ.

ಮುಂದಿನ ಎರಡನೇ ಭಾನುವಾರ ಅವರು ಬಂದರು. ಅಲ್ಲಿಂದ ಮುಂದೆ ಒಂದು ಭಾನುವಾರವೂ ತಪ್ಪಿಸಲಿಲ್ಲ. ಎಲ್ಲರಿಗಿಂತ ಮೊದಲು ಹಕ್ಕಿ ಕಾಣುವುದು ಈಗ ಅವರಿಗೇ. ಗುಂಪು ದೊಡ್ಡದಾಯಿತು, ಕಾಲೇಜಿನವರು, ಹುಬ್ಬಳ್ಳಿ ಕಡೆಯವರು, ಚಷ್ಮಾ ಹಾಕಿದವರು ಎಷ್ಟೋ ಮಂದಿ ಸೇರಿದರು. ಹೊಸಬರು ಬಂದಾಗಲೆಲ್ಲ ಡಾಕ್ಟರು ತಮ್ಮ ದುರ್ಬೀನು ಎತ್ತಿ ಹಿಡಿದು, ರಬ್ಬರು ಮಡಚಿ ತೋರಿಸಿ, ತಾವು ವರ್ಷಗಟ್ಟಲೆ ತೂತಿನಲ್ಲಿ ಕಾಡು ನೋಡಿದ ಕಥೆ ಹೇಳಿ ಎಲ್ಲರನ್ನೂ ನಗಿಸುತ್ತಾರೆ. ಆಮೇಲೆ ನನ್ನ ಕಡೆ ಕೈ ಮಾಡುತ್ತಾರೆ.

"ಇದನ್ನ ನನಗೆ ಹೇಳಿಕೊಟ್ಟಿದ್ದು ನಮ್ಮ ಅಕ್ಕೋರು. ಅಕ್ಕೋರು ಅಂದ್ರೆ ಹೀಗಿರಬೇಕು. ಅವರಿಗೆ ಗೊತ್ತಾದ ಕೂಡಲೇ ಮನೆಗೆ ಕರೆದು ಹೇಳಿಕೊಟ್ಟರು."

ಹೊಸಬರು ನನ್ನ ಕಡೆ ಗೌರವದಿಂದ ನೋಡುತ್ತಾರೆ. ಡಾಕ್ಟರು ಮಾತ್ರ ನೋಡುವುದಿಲ್ಲ. ನಾನು ನನ್ನ ಜಪಾನಿನ ದುರ್ಬೀನು ಎತ್ತಿ, ಎದುರಿನ ಮರದಲ್ಲಿ ಇಲ್ಲದ ಹಕ್ಕಿಯನ್ನು ಬಹಳ ಹೊತ್ತು ಹುಡುಕುತ್ತೇನೆ.